ಒಟಿಟಿ ಬಂದ್ಮೇಲೆ ಕೇಬಲ್, ಡಿಟಿಎಚ್ ಕಥೆ ಮುಗೀತಾ?

ಪ್ರಶ್ನೆ: ನಮ್ಮನೇಲಿ ನೆಟ್‌ಫ್ಲಿಕ್ಸ್, ಪ್ರೈಮ್, ಜಿಯೋಹಾಟ್‌ಸ್ಟಾರ್ ಮೂರೂ ಇದೆ, ಸಿನಿಮಾ ಎಲ್ಲಾ ಅದ್ರಲ್ಲೇ ನೋಡ್ತೀವಿ. ಆದ್ರೂ ತಿಂಗ್ಳು ತಿಂಗ್ಳು ಡಿಟಿಎಚ್ ರೀಚಾರ್ಜ್ ಮಾಡಿಸ್ತಾನೇ ಇದೀವಿ. ತೆಗೆಸ್ಬಿಡೋದಾ? ಇವೆಲ್ಲ ಇನ್ನೆಷ್ಟು ದಿನ ಇರುತ್ತೆ?

ಉತ್ತರ: ತೆಗೆಸೋದು ಬಿಡೋದು ನಿಮ್ಮನೇಲಿ ಸಂಜೆ ಏಳರಿಂದ ಹತ್ತರ ತನಕ ರಿಮೋಟ್ ಯಾರ ಕೈಲಿರುತ್ತೆ ಅನ್ನೋದ್ರ ಮೇಲಿದೆ, ಯಾಕಂದ್ರೆ ಮನೆಗಳಲ್ಲಿ ಕೇಬಲ್ ಉಳ್ಕೊಂಡಿರೋದು ಸಿನಿಮಾಗೋಸ್ಕರ ಅಲ್ಲ. ಒಂದು ಕಾಲದಲ್ಲಿ ಹೌದು, ನಮ್ಮ ರಾಜಾಜಿನಗರದಲ್ಲಿ ಏರಿಯಾ ಕೇಬಲ್‌ನೋರೇ ರಾತ್ರಿ ತಮ್ಮ ಲೋಕಲ್ ಚಾನೆಲಲ್ಲಿ ಪಿಕ್ಚರ್ ಹಾಕೋರು, ಬೀದಿಯವ್ರೆಲ್ಲ ಊಟ ಮುಗಿಸ್ಕೊಂಡು ಕಾಯ್ತಾ ಕೂತಿರ್ತಿದ್ವಿ. ಆ ಕೆಲಸ ಈಗ ಪೂರ್ತಿ ಒಟಿಟಿಗೆ, ಅಂದ್ರೆ ಇಂಟರ್ನೆಟ್ ಮೂಲಕ ನೋಡೋ ಈ ಆ್ಯಪ್‌ಗಳಿಗೆ, ಹೋಯ್ತು. ಆದ್ರೆ ನಮ್ಮಮ್ಮ ಸಿನಿಮಾ ನೋಡೋದು ವಾರಕ್ಕೊಂದ್ಸಲ ಇದ್ರೆ ಹೆಚ್ಚು, ಸೀರಿಯಲ್ ಮಾತ್ರ ದಿನಾ ಬೇಕು, ಅದೂ ಅದೇ ಟೈಮಿಗೆ, ಆಮೇಲೆ ಪಕ್ಕದ್ಮನೆಯವ್ರ ಜೊತೆ ಫೋನಲ್ಲಿ ಅದ್ರ ಬಗ್ಗೆ ಮಾತು ಬೇರೆ. ಸೀರಿಯಲ್ಲು, ಕ್ರಿಕೆಟ್ಟು, ನ್ಯೂಸು, ಈ ಮೂರೇ ಕೇಬಲ್ಲನ್ನ ಹಿಡಿದಿಟ್ಟಿದ್ದು.

ಆ ಮೂರರಲ್ಲಿ ಕ್ರಿಕೆಟ್ ಕೈ ಬಿಟ್ಟಿದ್ದೇ ದೊಡ್ಡ ಏಟು ಅಂತ ನನ್ನ ಅಭಿಪ್ರಾಯ. 2023-27ರ ಐಪಿಎಲ್‌ಗೆ ಟಿವಿ ಹಕ್ಕು ಬೇರೆ, ಡಿಜಿಟಲ್ ಹಕ್ಕು ಬೇರೆ ಅಂತ ಹರಾಜಾಯ್ತು, ಟಿವಿದು 23,575 ಕೋಟಿಗೆ ಹೋದ್ರೆ ಡಿಜಿಟಲ್‌ದು 23,758 ಕೋಟಿ, ಅಂದ್ರೆ ಮೊಬೈಲಿಗೆ ಟಿವಿಗಿಂತ ಒಂದು ಕೈ ಜಾಸ್ತಿನೇ ಬೆಲೆ ಬಂತು. 2023ರಲ್ಲಿ ಜಿಯೋಸಿನಿಮಾ ಅದನ್ನ ಫ್ರೀಯಾಗಿ ತೋರಿಸ್ತು. ಆರ್‌ಸಿಬಿ ಮ್ಯಾಚ್ ದಿನ ಬಿಎಂಟಿಸಿ ಬಸ್ಸಲ್ಲಿ, ಮೆಟ್ರೋದಲ್ಲಿ, ಪಿಜಿ ಮೆಟ್ಟಿಲ ಮೇಲೆ ಎಲ್ಲರ ಕೈಲೂ ಅದೇ ಓಡ್ತಿತ್ತಲ್ಲ, ಅವ್ರಲ್ಲಿ ಎಷ್ಟು ಜನ ಮತ್ತೆ ಡಿಶ್ ಹಾಕಿಸ್ತಾರೆ ಹೇಳಿ. ಆಮೇಲೆ ಫ್ರೀ ಹೋಯ್ತು, 2025ಕ್ಕೆ ದುಡ್ಡು ಕೊಡ್ಬೇಕಾಯ್ತು, ಆದ್ರೆ ಅಷ್ಟೊತ್ತಿಗೆ ಅಭ್ಯಾಸ ಆಗ್ಹೋಗಿತ್ತು.

ಇಲ್ಲಿ ತುಂಬಾ ಜನ ಗಮನಿಸದೇ ಇರೋ ಒಂದು ವಿಷ್ಯ ಇದೆ. ಒಟಿಟಿಯಿಂದ ಚಾನೆಲ್‌ನೋರಿಗೆ ಕಷ್ಟ ಅಂತ ನಾವೆಲ್ಲ ಅಂದ್ಕೊತೀವಿ, ಆದ್ರೆ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಯಾರದ್ದೋ ಜಿಯೋಹಾಟ್‌ಸ್ಟಾರ್ ಕೂಡ ಅವ್ರದ್ದೇ, ಜೀ ಕನ್ನಡದೋರಿಗೆ ಜೀ5 ಇದೆ, ಉದಯದೋರಿಗೆ 2017ರಿಂದ ಸನ್ ನೆಕ್ಸ್ಟ್ ಇದೆ. ಅಮ್ಮ ಟಿವಿ ಬಿಟ್ಟು ಫೋನಲ್ಲಿ ಸೀರಿಯಲ್ ನೋಡಿದ್ರೂ ಅವ್ರು ಅದೇ ಮನೆಯ ಇನ್ನೊಂದು ಬಾಗಿಲಿಂದ ಒಳಗೆ ಬಂದಂಗೆ. ನ್ಯೂಸ್ ಚಾನೆಲ್‌ಗಳಂತೂ ಯೂಟ್ಯೂಬಲ್ಲಿ ಲೈವ್ ಫ್ರೀ ಬರ್ತವೆ. ಕೈ ಖಾಲಿ ಆಗೋದು ಮಧ್ಯದಲ್ಲಿರೋ ಕೇಬಲ್‌ನೋರು, ಡಿಟಿಎಚ್‌ನೋರು, ಅವ್ರ ಹತ್ರ ಇದ್ದಿದ್ದು ತಂತಿ, ಡಬ್ಬ, ಮನೆಮನೆ ಪರಿಚಯ ಅಷ್ಟೇ, ಕಾರ್ಯಕ್ರಮ ಅವ್ರದ್ದಲ್ಲ.

ಲೆಕ್ಕ ನೋಡಿದ್ರೂ ಅದೇ ಕಾಣುತ್ತೆ. ಟಿವಿ, ಫೋನ್ ಸೇವೆಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಟ್ರಾಯ್ ಅಂಕಿ ಪ್ರಕಾರ ದುಡ್ಡು ಕಟ್ಟೋ ಡಿಟಿಎಚ್ ಗ್ರಾಹಕರು 2020ರ ಕೊನೆಗೆ ಸುಮಾರು 7 ಕೋಟಿ ಇದ್ರು, 2025ರ ಮಾರ್ಚ್ ಹೊತ್ತಿಗೆ 5.7 ಕೋಟಿ ಆಸುಪಾಸು. ಇಡೀ ದೇಶದಲ್ಲಿ ಉಳಿದಿರೋ ಖಾಸಗಿ ಕಂಪನಿ ನಾಲ್ಕೇ, ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ, ಸನ್ ಡೈರೆಕ್ಟ್. ಅದ್ರಲ್ಲೂ ಟಾಟಾ ಮತ್ತು ಏರ್‌ಟೆಲ್‌ನೋರು ಸೇರ್ಕೊಳ್ಳೋಣ ಅಂತ 2025ರಲ್ಲಿ ಮಾತುಕತೆ ಮಾಡಿ, ಮೇ ತಿಂಗ್ಳಲ್ಲಿ ಅದು ಮುರಿದುಬಿತ್ತು. ಆದ್ರೆ ಈ ಇಳಿಕೆನೆಲ್ಲ ಒಟಿಟಿ ತಲೆಗೆ ಕಟ್ಟೋದು ತಪ್ಪು. 2019ರಲ್ಲಿ ಟ್ರಾಯ್ ಹೊಸ ದರ ಪದ್ಧತಿ ತಂತಲ್ಲ, ಮೊದಲ ನೂರು ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ ಅಂತಾನೇ 130 ರೂಪಾಯಿವರೆಗೆ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಅದ್ರ ಮೇಲೆ ಒಂದೊಂದು ಪೇ ಚಾನೆಲ್‌ಗೆ ಬೇರೆ ದುಡ್ಡು. ಆಗ್ಲೇ ಎಷ್ಟೋ ಮನೆಗಳಲ್ಲಿ ಮೊದಲ್ನೇ ಸಲ ಪೇಪರ್ ಪೆನ್ನು ಹಿಡ್ಕೊಂಡು ಯಾವ ಚಾನೆಲ್ ಬೇಕು ಯಾವ್ದು ಬೇಡ ಅಂತ ಕೂತಿದ್ದು. ಅದಾಗಿ 2021ರ ಡಿಸೆಂಬರಲ್ಲಿ ನೆಟ್‌ಫ್ಲಿಕ್ಸ್ ಬೇಸಿಕ್ ಪ್ಲಾನ್ 499ರಿಂದ 199ಕ್ಕೆ ಇಳಿಸ್ತು, ಹೋಲಿಸಿ ನೋಡೋದು ಇನ್ನೂ ಸುಲಭ ಆಯ್ತು. ಇನ್ನೊಂದು ಕಡೆ ಹಳ್ಳಿಗಳಲ್ಲಿ ದೂರದರ್ಶನದ ಫ್ರೀ ಡಿಶ್, ಒಂದ್ಸಲ ಡಬ್ಬ ತಗೊಂಡ್ರೆ ತಿಂಗಳ ಬಿಲ್ಲೇ ಇಲ್ಲ. ದುಡ್ಡಿರೋರು ಒಟಿಟಿಗೆ ಹೋದ್ರು, ಇಲ್ಲದೋರು ಫ್ರೀ ಡಿಶ್‌ಗೆ ಹೋದ್ರು, ಪೇ ಟಿವಿ ನಡುವೆ ಸಿಕ್ಕಾಕೊಂಡಿದೆ.

ಅಮೆರಿಕಾದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಜನ ಟಿವಿ ನೋಡೋ ಸಮಯ ಅಳೆಯೋ ನೀಲ್ಸನ್ ಸಂಸ್ಥೆ ಲೆಕ್ಕದಲ್ಲಿ 2022ರ ಜುಲೈನಲ್ಲಿ ಸ್ಟ್ರೀಮಿಂಗ್ ಮೊದಲ್ನೇ ಸಲ ಕೇಬಲ್ಲನ್ನ ದಾಟ್ತು, 2025ರ ಮೇನಲ್ಲಿ ಕೇಬಲ್ಲು, ಆಂಟೆನಾದಲ್ಲೇ ಸಿಗೋ ಬ್ರಾಡ್‌ಕಾಸ್ಟ್ ಚಾನೆಲ್ಲು ಎರಡೂ ಸೇರಿಸಿದ್ರೂ ಅದೇ ಮೇಲೆ. ಅಲ್ಲಿ ಕೇಬಲ್ ಬಿಲ್ಲು ನೂರು ಡಾಲರ್ ಮುಟ್ಟೋದು ಸಾಮಾನ್ಯ, ತೆಗೆಸಿದ್ರೆ ಉಳಿತಾಯ ಎದ್ದು ಕಾಣುತ್ತೆ. ನಮ್ಮಲ್ಲಿ ಮುನ್ನೂರು ನಾನೂರು ರೂಪಾಯಿ ವಿಷ್ಯ, ಹಿರಿಯರು ಬೇಕು ಅಂದ್ರೆ ಯಾರೂ ಬೇಡ ಅನ್ನಲ್ಲ, ಅದಕ್ಕೇ ಇಲ್ಲಿ ನಿಧಾನ.

ಹೋದ ತಿಂಗ್ಳು ನಮ್ಮನೆ ರೂಟರ್ ಸರಿ ಮಾಡಕ್ಕೆ ಬಂದಿದ್ದು ಹಳೇ ಕೇಬಲ್‌ನೋರೇ. ಅವ್ರೇ ಮೊದಲು ಮರದಿಂದ ಮರಕ್ಕೆ ಕಪ್ಪು ವೈರ್ ಎಳೆದಿದ್ದು, ಈಗ ಅದೇ ದಾರೀಲಿ ಫೈಬರ್ ಎಳೀತಿದಾರೆ. "ಹೊಸದಾಗಿ ಟಿವಿ ಕನೆಕ್ಷನ್ ಕೇಳೋರೇ ಇಲ್ಲ ಸಾರ್, ನೆಟ್ ಇಲ್ದಿದ್ರೆ ನಾವ್ ಬಾಗ್ಲು ಹಾಕ್ಬೇಕಿತ್ತು" ಅಂದ್ರು. ಹೀಗೆ ಬದಲಾದೋರು ಉಳೀತಾರೆ ಅಂತ ನನ್ನ ನಂಬಿಕೆ, ಯಾಕಂದ್ರೆ ಒಟಿಟಿ ನೋಡಕ್ಕೆ ಇಂಟರ್ನೆಟ್ ಬೇಕೇ ಬೇಕು, ಎಷ್ಟೋ ಮನೆಗೆ ಅದು ಬರೋದು ತಂತೀಲೇ ಅಲ್ವಾ. ಡಿಟಿಎಚ್‌ಗೆ ಆ ಅನುಕೂಲ ಇಲ್ಲ, ಛಾವಣಿ ಮೇಲಿನ ಡಿಶ್‌ನಲ್ಲಿ ಇಂಟರ್ನೆಟ್ ಬರಲ್ಲ, ಅದಕ್ಕೇ ಟಾಟಾ ಪ್ಲೇ ಬಿಂಜ್ ತರ ಹತ್ತಾರು ಒಟಿಟಿನ ಒಂದೇ ಕಡೆ ಕಟ್ಟಿ ಕೊಡೋ ದಾರಿ ಹಿಡಿದಿದಾರೆ.

ಕನ್ನಡದೋರಾಗಿ ನನಗಿರೋ ಚಿಂತೆನೇ ಬೇರೆ. 2020ರ ಲಾಕ್‌ಡೌನಲ್ಲಿ ಪುನೀತ್ ರಾಜ್‌ಕುಮಾರ್ ಅವ್ರ ಪಿಆರ್‌ಕೆ ಬ್ಯಾನರ್‌ನ ಎರಡು ಸಿನಿಮಾ ನೇರ ಪ್ರೈಮಲ್ಲಿ ಬಂದಾಗ ಎಷ್ಟು ಖುಷಿ ಆಗಿತ್ತು. ಆದ್ರೆ 2024ರಲ್ಲಿ ರಕ್ಷಿತ್ ಶೆಟ್ಟಿ ಅವ್ರ ಪರಂವಃ ಸ್ಟುಡಿಯೋದೋರು ಒಂದು ಕನ್ನಡ ವೆಬ್ ಸೀರೀಸನ್ನ ಯಾವ ಒಟಿಟಿನೂ ತಗೊಳ್ಳದೇ ಸ್ವಂತ ವೆಬ್‌ಸೈಟಲ್ಲೇ ಬಿಡುಗಡೆ ಮಾಡ್ಬೇಕಾಯ್ತು. ಚಾನೆಲ್‌ಗಳ ಬಗ್ಗೆ ನೂರು ದೂರಿದೆ, ಆದ್ರೆ ದಿನಕ್ಕೆ ಇಪ್ಪತ್ನಾಕು ಗಂಟೆ ಕನ್ನಡದಲ್ಲೇ ಮಾತಾಡೋದು ಅವೇ.

ನಿಮ್ಮ ಪ್ರಶ್ನೆಗೆ ಬರ್ತೀನಿ. ಒಂದು ತಿಂಗ್ಳು ರೀಚಾರ್ಜ್ ಮಾಡ್ದೇ ಬಿಟ್ಟು ನೋಡಿ, ಆದ್ರೆ ಮನೇಲಿ ಹಿರಿಯರಿದ್ರೆ ಮೊದಲು ಅವ್ರಿಗೆ ಟಿವಿಯಲ್ಲೇ ಆ್ಯಪ್ ತೆಗೆದು ಸೀರಿಯಲ್ ಹಾಕ್ಕೊಳ್ಳೋದು ಕಲಿಸಿ. ಅದು ಕಷ್ಟ ಆದ್ರೆ ಬೇಡದ ಪ್ಯಾಕೆಲ್ಲ ತೆಗೆಸಿ ಕನ್ನಡ ಚಾನೆಲ್ ಮಾತ್ರ ಇಟ್ಕೊಳ್ಳಿ, ಬಿಲ್ಲು ತುಂಬಾ ಇಳಿಯುತ್ತೆ. ನಮ್ಮನೇಲಿ ಅಮ್ಮನಿಗೋಸ್ಕರ ಹಾಗೇ ಮಾಡಿದೀವಿ.