ಹಗೇವು ತುಂಬೇದ, ಬಾಯಿ ತೆಗಿಯಂಗಿಲ್ಲ: ಒಂದು ಅಪರೂಪದ ಲಿವರ್ ರೋಗದ ಹಿನ್ನೆಲೆ

ರಾಯಚೂರು, ಸಿಂಧನೂರು, ಮಾನ್ವಿ ಕಡೆ ಕೂಸಿನ ಹೊಟ್ಟಿ ದಪ್ಪ ಆಯ್ತಂದ್ರ ಮೊದಲು ಜಂತಿನ ಔಷಧಿ, ಆಮ್ಯಾಲೆ ತಾಯತ, ಕೊನಿಗೆ ಸ್ಕ್ಯಾನಿಂಗ್. ಲಕ್ಷಕ್ಕ ಒಂದು ಕೂಸಿನಾಗ ಕಾರಣ ಬ್ಯಾರೆನೇ ಇರ್ತದ, ಗ್ಲೈಕೋಜನ್ ಸ್ಟೋರೇಜ್ ರೋಗ ಟೈಪ್ 1 ಅಂತ ಅದರ ಹೆಸರು.

ಉಂಡಿದ್ರಾಗ ಉಳಿದ ಸಕ್ಕರಿನ ಲಿವರ್ ಗ್ಲೈಕೋಜನ್ ಮಾಡಿ ಕೂಡಿಡ್ತದ, ಹೊಟ್ಟಿ ಖಾಲಿ ಇದ್ದಾಗ ಅದನ್ನ ಬಿಚ್ಚಿ ರಕ್ತಕ್ಕ ಬಿಡ್ತದ. ಬಿಡೋ ಕೊನೀ ಹಂತಕ್ಕ ಬೇಕಾದ ಎನ್‌ಜೈಮ್, ಅಂದ್ರ ಆ ಕೆಲಸ ನಡೆಸೋ ಪ್ರೋಟೀನ್, ಈ ಮಕ್ಕಳಾಗ ಕೆಲಸ ಮಾಡಲ್ಲ. ಕೂಡಿಟ್ಟಿದ್ದು ಅಲ್ಲೇ ಉಳಿದು ಲಿವರ್ ಉಬ್ಬತದ, ಹೊಟ್ಟಿ ದಪ್ಪ ಕಾಣೋದು ಅದಕ್ಕ. ಹಗೇವು ತುಂಬ ಜೋಳ ಅದ, ಮನಿಯಾಗ ಉಪವಾಸ. ಮೂರು ನಾಕು ತಾಸು ಹಾಲು ತಪ್ಪಿದ್ರ ಶುಗರ್ ಬಿದ್ದು ಫಿಟ್ಸ್ ಬರಬಹುದು.

1929ರಾಗ ಜರ್ಮನಿಯ ವಾನ್ ಗಿರ್ಕೆ ಇದನ್ನ ಗುರುತಿಸಿದ್ರು, 1952ರಾಗ ಗೆರ್ಟಿ ಮತ್ತು ಕಾರ್ಲ್ ಕೋರಿ ದಂಪತಿ ಯಾವ ಎನ್‌ಜೈಮ್ ಇಲ್ಲಂತ ತೋರಿಸಿದ್ರು, 1993ರಾಗ ಆ ಎನ್‌ಜೈಮಿನ ಜೀನ್ ಸಿಕ್ತು. ಅಲ್ಲೀತನಕ ರೋಗ ಪಕ್ಕಾ ಮಾಡಬೇಕಂದ್ರ ಸಣ್ಣ ಮಗುವಿನ ಲಿವರ್‌ಗೆ ಸೂಜಿ ಹಾಕಿ ಚೂರು ತೆಗಿಬೇಕಿತ್ತು, ಈಗ ರಕ್ತದ ಜೀನ್ ಟೆಸ್ಟ್ ಸಾಕು.

ಬದುಕಿರೋ ಮನುಷ್ಯಾನ ಲಿವರ್ ಎಷ್ಟು ಸಕ್ಕರಿ ಬಿಡ್ತದ ಅಂತ ಅಳೆಯೋದು ಬ್ಯಾರೆ ಕೆಲಸ. ಅದಕ್ಕ ಕಾರ್ಬನ್ ಅಥವಾ ಹೈಡ್ರೋಜನ್ ಸ್ವಲ್ಪ ಭಾರ ಇರೋ ಗ್ಲೂಕೋಸನ್ನ, ರೇಡಿಯೇಶನ್ ಇಲ್ಲದ್ದು, ಡ್ರಿಪ್‌ನಾಗ ಬಿಡ್ತಾರ, ಆಗಾಗ ರಕ್ತ ತೆಗೆದು ಅದು ಎಷ್ಟು ತೆಳುವಾಗೇದ ಅಂತ ನೋಡ್ತಾರ, ತೆಳುವಾದಷ್ಟು ಲಿವರ್ ಹೊಸದಾಗಿ ಸಕ್ಕರಿ ಹಾಕೇದ ಅಂತ ಲೆಕ್ಕ. ಹಿಂಗ ನೋಡಿದಾಗ ಎನ್‌ಜೈಮ್ ಇಲ್ಲದ ರೋಗಿಗಳ ಮೈಯಾಗೂ ಸ್ವಲ್ಪ ಸಕ್ಕರಿ ತಯಾರಾಗೋದು ಕಂಡಿತು. ಆದ್ರ ಇಂಥ ಸ್ಟಡಿಗೆ ಶುಗರ್ ಬೀಳೋ ಮಕ್ಕಳನ್ನ ಸ್ವಲ್ಪ ಹೊತ್ತು ಉಪವಾಸ ಇಡಬೇಕು. ತಾಯಿ ತಂದಿ ಒಪ್ಪಿಗಿ ಕೊಟ್ಟು ಹಾಸಿಗಿ ಪಕ್ಕ ಕುಂತಿದ್ದಕ್ಕ ಈ ವಿದ್ಯೆ ಬೆಳೆದದ್ದು, ಅದನ್ನ ಮರಿಬಾರದು.

1984ರಾಗ ದೊಡ್ಡ ಬದಲಾವಣಿ ಆಯ್ತು. ಹಸಿ ಕಾರ್ನ್‌ಫ್ಲೋರ್ ನೀರಾಗ ಕಲಸಿ ಕುಡಿಸಿದ್ರ ಅದು ನಿಧಾನ ಕರಗಿ ತಾಸುಗಟ್ಟಲೆ ಶುಗರ್ ಹಿಡಿತದ ಅಂತ ಅಮೆರಿಕದ ಡಾಕ್ಟರ್‌ಗಳು ತೋರಿಸಿದ್ರು. ಕಿರಾಣಿ ಅಂಗಡಿ ಬಿಳಿ ಪುಡಿ ಇದು, ಗಿರಣ್ಯಾಗ ಬೀಸಿದ ಮೆಕ್ಕಿಜೋಳದ ಹಿಟ್ಟಲ್ಲ. ಅಜ್ಜಿ ಪ್ರೀತಿಲಿ ಗಂಜಿ ಕಾಸಿದ್ರ ಉಪಯೋಗ ಹೋಯ್ತು, ಬೇಯಿಸಿದ್ದು ಲಗೂನ ಕರಗಿಬಿಡ್ತದ. ಎಷ್ಟು ಗ್ರಾಂ, ಯಾವ ವಯಸ್ಸಿಂದ ಅನ್ನೋದು ಡಾಕ್ಟರೇ ಹೇಳಬೇಕು.

ಇಷ್ಟು ಅಗ್ಗದ ಉಪಾಯ ಬಂದು 40 ವರ್ಷ ದಾಟ್ಯಾವ. ನಮ್ಮ ಕಡೆ ಸೋದರಮಾವಗ ಹೆಣ್ಣು ಕೊಡೋ ರೂಢಿ ಇನ್ನೂ ಅದ, ಒಂದೇ ಮನೆತನದಾಗ ಆ ಕೆಟ್ಟ ಜೀನ್ ಇದ್ರ ಗಂಡ ಹೆಂಡ್ತಿ ಇಬ್ಬರ ಹತ್ರನೂ ಅದು ಇರೋ ಸಾಧ್ಯತೆ ಹೆಚ್ಚು, ಇಬ್ಬರಾಗೂ ಇದ್ರ ಪ್ರತಿ ಬಸಿರಿಗೂ ನಾಕರಾಗ ಒಂದು ಪಾಲು ಅಪಾಯ. 2021ರಾಗ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ ಬಂತು, ಆದ್ರ ನಮ್ಮ ರಾಜ್ಯದಾಗ ಅದರ ಸೆಂಟರ್ ಇರೋದು ಬೆಂಗಳೂರಾಗ, ರಾಯಚೂರಿಂದ ಒಂದು ರಾತ್ರಿ ದಾರಿ, ಅದೇ ರಾತ್ರಿ ಕೂಸಿನ ಶುಗರ್ ಬೀಳೋ ಹೊತ್ತು. ಬಸ್ಸಿನಾಗೂ ಆ ಕಾರ್ನ್‌ಫ್ಲೋರ್ ಕಲಸಿ ಕುಡಿಸ್ತಿರಬೇಕು. ವಾಂತಿ ಹತ್ತಿ ಅದು ಹೊಟ್ಟ್ಯಾಗ ನಿಲ್ಲಲಿಲ್ಲಂದ್ರ ಬೆಳಗಾಗೋತನ ಕಾಯಂಗಿಲ್ಲ, ಹತ್ತಿರದ ದವಾಖಾನಿಗೆ ಓಡಿ ಗ್ಲೂಕೋಸ್ ಏರಿಸಬೇಕು, ಡ್ಯೂಟಿ ಡಾಕ್ಟರಿಗೆ ತೋರಿಸಾಕ ರೋಗದ ಹೆಸರಿರೋ ಚೀಟಿ ತಾಯಿ ಕೈಯಾಗ ಇರಬೇಕು.