ಎರಡು ಸಿಮ್, ಮೂರು ರೋಮಿಂಗ್

ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ನಿಂದ ಮೇಷ್ಟ್ರ ವಾಟ್ಸ್ಆ್ಯಪ್ ಕಾಲ್ ಬಂದಾಗ ನಾನಿನ್ನೂ ಅಂಗಡಿಯ ಶಟರ್ ಎತ್ತುತ್ತಿದ್ದೆ. "ಏನಪ್ಪಾ, ನೀನು ಹಾಕಿಕೊಟ್ಟ ಇ-ಸಿಮ್‌ನಲ್ಲಿ ನೆಟ್ಟೇ ಬರ್ತಿಲ್ಲ. ಇದು ಇಲ್ಲಿನ ವೈಫೈ. ಹೊರಗೆ ಹೋದ್ರೆ ಏನ್ ಮಾಡ್ಲಿ?"

"ಟವರ್ ತೋರಿಸ್ತಿದೆಯಾ ಸರ್?"

"ಫುಲ್ ಇದೆ."

"ರೋಮಿಂಗ್ ಆನ್ ಇದೆಯಾ?"

"ನೀನೇ ಹೇಳಿದ್ಯಲ್ಲಪ್ಪಾ, ರೋಮಿಂಗ್ ಆಫ್ ಇಟ್ಕೊಳ್ಳಿ, ಇಲ್ಲಾಂದ್ರೆ ಬಿಲ್ ಬರುತ್ತೆ ಅಂತ. ಎರಡರಲ್ಲೂ ಆಫ್ ಮಾಡಿದೀನಿ. ಇದನ್ನ ಡಿಲೀಟ್ ಮಾಡಿ ಮತ್ತೆ ಹಾಕ್ಲಾ?"

"ಬೇಡ ಸರ್, ಡಿಲೀಟ್ ಮಾತ್ರ ಬೇಡ!" ಅಂತ ಕೂಗಿದೆ. ಪಕ್ಕದ ಅಂಗಡಿಯವರು ತಿರುಗಿ ನೋಡಿದರು.

ತಪ್ಪು ಅವರದಲ್ಲ, ನನ್ನದು. ದಾವಣಗೆರೆಯಲ್ಲಿ ಇಷ್ಟು ವರ್ಷ ಮೊಬೈಲ್ ರಿಪೇರಿ ಮಾಡಿಕೊಂಡು ಬಂದವನು, ವಿದೇಶಕ್ಕೆ ಹೊರಟವರಿಗೆಲ್ಲ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಮಾತು ಒಂದೇ: ರೋಮಿಂಗ್ ಆಫ್ ಮಾಡಿ. ಒಂದೇ ಸಿಮ್ ಇದ್ದಾಗ ಅದು ಸರಿ. ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಇ-ಸಿಮ್ ಜೊತೆಗೆ ಸೇರಿದ ಮೇಲೆ ಅರ್ಧ ಮಾತ್ರ ಸರಿ.

ಯಾಕೆ ಅಂತ ಹೇಳುತ್ತೇನೆ. ನೀವು ಜರ್ಮನಿಗೆ ಅಂತ ಕೊಂಡ ಟ್ರಾವೆಲ್ ಇ-ಸಿಮ್ ಜರ್ಮನಿಯದ್ದೇ ಆಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ಅದು ಪೋಲೆಂಡಿನದ್ದೋ ಹಾಂಗ್‌ಕಾಂಗಿನದ್ದೋ ಆಗಿರುತ್ತದೆ. ಅದೂ ಅಲ್ಲಿಗೆ ನಿಮ್ಮ ಹಾಗೇ ನೆಂಟ. ನಮ್ಮ ಕೆಎ 17 ಟೂರಿಸ್ಟ್ ಗಾಡಿ ಗೋವಾಕ್ಕೆ ಹೋದರೆ ಪರ್ಮಿಟ್ ಬೇಕು ಅಲ್ವಾ, ಹಾಗೆ. ಡೇಟಾ ರೋಮಿಂಗ್ ಅನ್ನೋ ಸ್ವಿಚ್ಚೇ ಆ ಪರ್ಮಿಟ್. ಅದು ಆಫ್ ಇದ್ದರೆ ಟವರ್ ಫುಲ್ ಇದ್ದರೂ ನೆಟ್ ಬರುವುದಿಲ್ಲ. ಇ-ಸಿಮ್‌ಗೆ ದುಡ್ಡು ಮೊದಲೇ ಕೊಟ್ಟಿರುತ್ತೀರಿ, ಹಾಗಾಗಿ ಅದರಲ್ಲಿ ಆನ್ ಮಾಡಿದರೆ ಬೇರೆ ಬಿಲ್ ಬರುವುದಿಲ್ಲ. ಅಲ್ಲಿ ಗೂಗಲ್ ಯಾವುದೋ ಗೊತ್ತಿಲ್ಲದ ಭಾಷೆಯಲ್ಲಿ ಜಾಹೀರಾತು ತೋರಿಸಿದರೂ ಗಾಬರಿ ಬೇಡ. ಡೇಟಾ ಇ-ಸಿಮ್‌ನ ತವರು ದೇಶ ಸುತ್ತಿಕೊಂಡು ಬರುತ್ತಿರುತ್ತದೆ, ಅಷ್ಟೇ.

ಎಡವಟ್ಟು ಆಗೋದು ರೋಮಿಂಗ್ ಅನ್ನೋ ಪದದಿಂದ. ಒಂದೇ ಪದ ಮೂರು ಕಡೆ ಬರುತ್ತದೆ. ಇ-ಸಿಮ್‌ನ ಡೇಟಾ ರೋಮಿಂಗ್, ಇದು ಆನ್ ಇರಬೇಕು. ನಮ್ಮ ಊರಿನ ಸಿಮ್‌ನ ಡೇಟಾ ರೋಮಿಂಗ್, ಇದು ಆಫ್ ಇರಬೇಕು. ಮೂರನೆಯದು ಫೋನಿನಲ್ಲಿ ಕಾಣುವುದೇ ಇಲ್ಲ. ಅದು ನಮ್ಮ ಸಿಮ್ ಕಂಪನಿಯವರು ಅವರ ಕಡೆಯಿಂದ ಆನ್ ಮಾಡುವ ಇಂಟರ್‌ನ್ಯಾಷನಲ್ ರೋಮಿಂಗ್. ಇದು ಆನ್ ಆಗದಿದ್ದರೆ ನಿಮ್ಮ ನಂಬರ್ ಅಲ್ಲಿ ಟವರ್ ಹಿಡಿಯುವುದಿಲ್ಲ. ಟವರ್ ಇಲ್ಲ ಅಂದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಟ್ರಾವೆಲ್ ಇ-ಸಿಮ್ ಸಾಮಾನ್ಯವಾಗಿ ಬರೀ ಡೇಟಾ ಕೊಡುತ್ತದೆ, ಅದಕ್ಕೆ ಫೋನ್ ನಂಬರೇ ಇರುವುದಿಲ್ಲ. ಹಾಗಾಗಿ ಒಟಿಪಿ ಬರಬೇಕಾದದ್ದು ಹಳೇ ಸಿಮ್‌ಗೇ. ಹೊರಡುವ ಎರಡು ದಿನ ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಇದನ್ನು ಆನ್ ಮಾಡಿಸಿ. ಪ್ಯಾಕ್ ಹಾಕಿಸಲೇಬೇಕಾ ಅಂತಲೂ ಕೇಳಿ. ಪ್ರೀಪೇಯ್ಡ್ ಆದರೆ ವ್ಯಾಲಿಡಿಟಿ ನೋಡಿಕೊಳ್ಳಿ. ಮೂರು ತಿಂಗಳು ಮಗಳ ಮನೆಯಲ್ಲಿ ಇರಲು ಹೋಗುವವರು 28 ದಿನದ ರೀಚಾರ್ಜ್ ಮಾಡಿಸಿ ಹೊರಟಿದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಸಿಮ್‌ನ ನಂಬರಿಗೆ ಊರಿಂದ ಕಾಲ್ ಬಂದರೆ ಎತ್ತಬೇಡಿ, ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗಬಹುದು. ವಾಟ್ಸ್ಆ್ಯಪ್‌ನಲ್ಲಿ ವಾಪಸ್ ಮಾಡಿ. ವಾಟ್ಸ್ಆ್ಯಪ್ ಹಳೇ ನಂಬರಿನಲ್ಲೇ ನಡೆಯುತ್ತದೆ, ನಂಬರ್ ಬದಲಾಯಿಸಬೇಕಾ ಅಂತ ಫೋನ್ ಕೇಳಿದರೆ ಬೇಡ ಅನ್ನಿ. ಐಫೋನ್‌ನಲ್ಲಿ ಸೆಲ್ಯುಲರ್ ಡೇಟಾ ಸ್ವಿಚಿಂಗ್ ಅಂತ ಒಂದಿದೆ, ಅದನ್ನೂ ಆಫ್ ಮಾಡಿ. ಇಲ್ಲಾಂದ್ರೆ ಇ-ಸಿಮ್ ಸ್ವಲ್ಪ ತಡವರಿಸಿದರೂ ಫೋನು ತಾನೇ ನಮ್ಮ ಸಿಮ್ ಕಡೆ ಹಾರಲು ನೋಡುತ್ತದೆ. ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕೋದು ನಿಮ್ಮ ಜೇಬಿನ ಸಲುವಾಗಿಯೂ ಹೌದು. ಕೆಲವು ವಿಮಾನ, ಹಡಗುಗಳಲ್ಲಿ ಸ್ಯಾಟಲೈಟ್ ನೆಟ್‌ವರ್ಕ್ ಇರುತ್ತದೆ. ಫೋನು ಅದಕ್ಕೆ ಅಂಟಿಕೊಂಡರೆ ರೇಟು ಕೇಳಬೇಡಿ.

ಇನ್ನು ಡಿಲೀಟ್ ವಿಷಯ. ಇ-ಸಿಮ್ ಅಂದರೆ ಫೋನಿನೊಳಗೇ ಕೂತಿರುವ ಒಂದು ಚಿಪ್. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಕಂಪನಿಯ ಪ್ರೊಫೈಲ್, ಅಂದರೆ ಸಿಮ್‌ನ ವಿವರ, ಅದರೊಳಗೆ ಇಳಿಯುತ್ತದೆ. ಆ ಕೋಡ್ ಹೆಚ್ಚಾಗಿ ಒಂದೇ ಸಲಕ್ಕೆ. ಡಿಲೀಟ್ ಮಾಡಿದರೆ ದುಡ್ಡೂ ಹೋಯಿತು, ನೆಟ್ಟೂ ಹೋಯಿತು. ನೆಟ್ ಬಾರದಿದ್ದರೆ ಮೊದಲು ಡೇಟಾಗೆ ಯಾವ ಸಿಮ್ ಆರಿಸಿದ್ದೀರಿ ನೋಡಿ, ಆಮೇಲೆ ರೋಮಿಂಗ್ ನೋಡಿ, ಆಮೇಲೆ ಕಂಪನಿ ಕಳಿಸಿದ ಮೇಲ್‌ನಲ್ಲಿ ಎಪಿಎನ್ (ನೆಟ್‌ಗೆ ಸೇರುವ ದಾರಿಯ ಹೆಸರು) ಅಂತ ಏನಾದರೂ ಕೊಟ್ಟಿದ್ದರೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ತುಂಬಿ. ಫೋನ್ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಅಷ್ಟರಲ್ಲಿ ಬಹುಪಾಲು ಸರಿಹೋಗಿರುತ್ತದೆ.

ಪ್ರೊಫೈಲ್ ಇಳಿಸಲು ಇಂಟರ್ನೆಟ್ ಬೇಕು. ಆದ್ದರಿಂದ ಮನೆಯ ವೈಫೈನಲ್ಲೇ ಹಾಕಿಕೊಳ್ಳಿ, ದೇವನಹಳ್ಳಿಗೆ ಹೋಗುವ ಕಾರಿನಲ್ಲಿ ಕೂತು ಹೈವೇ ಮೇಲೆ ಬೇಡ. ಆದರೆ ಪ್ಲ್ಯಾನ್ ಯಾವಾಗಿಂದ ಲೆಕ್ಕ ಅಂತ ಓದಿಕೊಳ್ಳಿ. ಕೆಲವು ಅಲ್ಲಿನ ಟವರ್ ಹಿಡಿದಾಗ ಶುರು, ಕೆಲವು ಹಾಕಿದ ಗಳಿಗೆಯಿಂದಲೇ. ಕೋಡ್ ಅದೇ ಫೋನಿನ ಮೇಲ್‌ಗೆ ಬಂದಿದ್ದರೆ ಸ್ಕ್ಯಾನ್ ಮಾಡೋದು ಹೇಗೆ? ನಾನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಬಿಡುತ್ತೇನೆ. ಹಾಳೆ ಪಾಸ್‌ಪೋರ್ಟ್ ಜೊತೆಗೇ ಇರುತ್ತದೆ, ಸಹಾಯ ಕೇಳುವಾಗ ವಿವರವೆಲ್ಲ ಕೈಯಲ್ಲೇ ಇರುತ್ತದೆ.

ಕೊಳ್ಳುವ ಮೊದಲು ಫೋನಿನಲ್ಲಿ *#06# ಒತ್ತಿ. ಇಐಡಿ ಅಂತ 32 ಅಂಕಿಯ ನಂಬರ್ ಬಂದರೆ ಇ-ಸಿಮ್ ಇದೆ ಅಂತ ಅರ್ಥ. ಮಗ ಅಮೆರಿಕದಿಂದ ಕಳಿಸಿದ ಐಫೋನ್ ಆದರೆ ಇನ್ನೊಂದು ನೋಡಿ: ಸೆಟ್ಟಿಂಗ್ಸ್, ಜನರಲ್, ಅಬೌಟ್, ಅದರಲ್ಲಿ ಕ್ಯಾರಿಯರ್ ಲಾಕ್, ಅಂದರೆ ಫೋನು ಒಂದೇ ಕಂಪನಿಯ ಸಿಮ್‌ಗೆ ಕಟ್ಟುಬಿದ್ದಿದೆಯಾ ಅನ್ನೋದು. 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇರಬೇಕು. ಲಾಕ್ ಇದ್ದರೆ ಯಾವ ಇ-ಸಿಮ್ ಕೊಂಡರೂ ದಂಡ.

ಎಲ್ಲಿ ಕೊಳ್ಳಬೇಕು ಅಂತ ತುಂಬ ಜನ ಕೇಳುತ್ತಾರೆ. ವಿದೇಶಿ ಸಿಮ್ ನಮ್ಮ ದೇಶದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅದಿಲ್ಲ ಅಂತಲೇ 2024ರ ಜನವರಿಯಲ್ಲಿ ಟ್ರಾವೆಲ್ ಇ-ಸಿಮ್ ಮಾರುವ ಏರಾಲೋ, ಹೋಲಾಫ್ಲೈ ಆ್ಯಪ್‌ಗಳು ಇಲ್ಲಿನ ಆ್ಯಪ್ ಸ್ಟೋರ್, ಪ್ಲೇ ಸ್ಟೋರ್‌ನಿಂದ ಹೊರಬಿದ್ದವು. ಅನುಮತಿ ಇದೆಯಾ ಅಂತ ಕೇಳಿ ಕೊಳ್ಳಿ. ಮೂರು-ನಾಲ್ಕು ದಿನದ ಓಡಾಟಕ್ಕಾದರೆ ನನ್ನ ಸಲಹೆ ಬೇರೆ: ಇ-ಸಿಮ್ ತಲೆನೋವೇ ಬೇಡ, ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋಗಿ. ದಿನ ಜಾಸ್ತಿ, ವಿಡಿಯೊ ಕಾಲ್ ಜಾಸ್ತಿ ಅಂದರೆ ಇ-ಸಿಮ್. ಯುರೋಪ್ ಪ್ಲ್ಯಾನ್ ಅಂದಾಗ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಇದೆಯಾ ಅಂತ ಹುಡುಕಿ. ಅದು ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಕೆಲವು ಪ್ಲ್ಯಾನ್‌ಗಳಲ್ಲೂ ಇರುವುದಿಲ್ಲ. ಅನ್‌ಲಿಮಿಟೆಡ್ ಅಂತ ದೊಡ್ಡದಾಗಿ ಬರೆದ ಕಡೆ ಸಣ್ಣ ಅಕ್ಷರ ಓದಿ, ದಿನಕ್ಕೆ ಇಷ್ಟು ಜಿಬಿ ಆದ ಮೇಲೆ ಸ್ಪೀಡ್ ಕುಸಿಯುತ್ತದೆ ಅಂತ ಇರುತ್ತದೆ. ಫೋಟೊ ಬ್ಯಾಕಪ್ ವೈಫೈಗೆ ಮಾತ್ರ ಬಿಡಿ.

ಮೇಷ್ಟ್ರಿಗೆ ಅವತ್ತು ಎರಡೇ ನಿಮಿಷದ ಕೆಲಸ. ಇ-ಸಿಮ್‌ನಲ್ಲಿ ರೋಮಿಂಗ್ ಆನ್ ಮಾಡಿದರು, ನೆಟ್ ಬಂತು, ನನಗೊಂದು ಥಮ್ಸ್ ಅಪ್ ಬಂತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮತ್ತೆ ಅವರದೇ ಫೋನ್, ಈ ಸಲ ಮಾಮೂಲಿ ಕಾಲ್. "ಸಿರಾ ದಾಟಿದ್ವಪ್ಪಾ. ಬೆಂಗಳೂರಲ್ಲಿ ಇಳಿದಾಗಿಂದ ನೆಟ್ಟೇ ಇಲ್ಲ."

"ಸರ್, ಡೇಟಾ ಯಾವ ಸಿಮ್ ಮೇಲಿದೆ ನೋಡಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು ಕೇಳಿಸಿತು. "ಇನ್ನೂ ಜರ್ಮನಿಯಲ್ಲೇ ಇದೆಯಲ್ಲೋ!"