ಲೈಬ್ರರಿ ಎದುರಿಗೇ ಇದೆ, ಲಿಂಕರ್‌ಗೆ ಮಾತ್ರ ಏಕೆ ಕಾಣುವುದಿಲ್ಲ?

ಪ್ರಶ್ನೆ: ಉಬುಂಟುವಿನಲ್ಲಿ ಒಂದು ಸಿ++ ಪ್ರೋಗ್ರಾಂ ಬಿಲ್ಡ್ ಮಾಡುತ್ತಿದ್ದೇನೆ. ಬೇರೆಯವರು ಕಂಪೈಲ್ ಮಾಡಿ ಕೊಟ್ಟ ಲೈಬ್ರರಿಯನ್ನು ಅದಕ್ಕೆ ಜೋಡಿಸಬೇಕು. ಫೈಲು ಇದೆ, ಪಾತ್ ಸರಿಯಿದೆ, ಫಂಕ್ಷನ್ ಹೆಸರೂ ಸರಿಯಿದೆ. ಆದರೂ ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕೇಳಿದ ಹೆಸರು ಎಲ್ಲೂ ಸಿಗಲಿಲ್ಲ) ಎನ್ನುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ದೋಷದ ಸಾಲನ್ನು ಕೊನೆಯವರೆಗೆ ಓದಿ. ನಾನೂ ಒಮ್ಮೆ ಮೊದಲೆರಡು ಪದ ನೋಡಿ, ಇಡೀ ಮಧ್ಯಾಹ್ನ ಬಿಲ್ಡ್ ಹೇಗೆಂದು ಹೇಳುವ ಸಿಮೇಕ್ ಫೈಲಿನಲ್ಲಿ ಪಾತ್ ತಿದ್ದುತ್ತಾ ಕುಳಿತಿದ್ದೆ. ಉತ್ತರ ಅದೇ ಸಾಲಿನ ನಡುವೆ ಇತ್ತು. ಸ್ಟ್ರಿಂಗ್ (ಪಠ್ಯವನ್ನು ಇಡುವ ಸಿ++ ವಿಧ) ಹೆಸರಿಗೆ ಮುಂಚೆ ಎರಡು ಅಂಡರ್‌ಸ್ಕೋರ್ ಮತ್ತು ‘ಸಿಎಕ್ಸ್‌ಎಕ್ಸ್11’ ಕಾಣುತ್ತಿದೆಯೇ? ಹಾಗಿದ್ದರೆ ನಿಮ್ಮ ಕೋಡ್ ಕೇಳುತ್ತಿರುವುದು ಹೊಸ ಸ್ಟ್ರಿಂಗನ್ನು, ಲೈಬ್ರರಿಯಲ್ಲಿರುವುದು ಬಹುಶಃ ಹಳೆಯದು. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಅಂಚೆಯವರು ಇನಿಷಿಯಲ್ ನೋಡುತ್ತಾರೆ. ಲಿಂಕರ್ ನೋಡುವ ಇನಿಷಿಯಲ್ ಈ ಸಿಎಕ್ಸ್‌ಎಕ್ಸ್11.

ಇಬ್ಬರಾದದ್ದು 2015ರಲ್ಲಿ, ಉಬುಂಟುವಿನ ಸಾಮಾನ್ಯ ಸಿ++ ಕಂಪೈಲರ್ ಆದ ಜಿಸಿಸಿಯ 5ನೇ ಆವೃತ್ತಿ ಬಂದಾಗ. ಅಲ್ಲಿಯವರೆಗೆ ಜಿಸಿಸಿಯ ಸ್ಟ್ರಿಂಗನ್ನು ನಕಲು ಮಾಡಿದರೆ ಅಕ್ಷರಗಳು ನಕಲಾಗುತ್ತಿರಲಿಲ್ಲ. ಎರಡೂ ಒಂದೇ ಮೆಮೊರಿಯನ್ನು ಹಂಚಿಕೊಂಡು, ಒಂದನ್ನು ತಿದ್ದಿದಾಗ ಮಾತ್ರ ಬೇರೆಯಾಗುತ್ತಿದ್ದವು. 2011ರ ಸಿ++ ಮಾನದಂಡದ ನಿಯಮಗಳಿಗೆ ಈ ಪದ್ಧತಿ ಹೊಂದಲಿಲ್ಲ. ಹಾಗೆಂದು ಹಳೆಯದನ್ನು ಕಿತ್ತುಹಾಕಿದ್ದರೆ ಅದುವರೆಗೆ ಬಿಲ್ಡ್ ಆಗಿದ್ದ ಪ್ರೋಗ್ರಾಂಗಳೆಲ್ಲ ಮುರಿದುಬೀಳುತ್ತಿದ್ದವು. ಆದ್ದರಿಂದ ಜಿಸಿಸಿಯ ಜೊತೆಗೇ ಬರುವ ಸಿ++ ಲೈಬ್ರರಿಯೊಳಗೆ (libstdc++) ಎರಡನ್ನೂ ಇಟ್ಟರು. 64 ಬಿಟ್ ಯಂತ್ರದಲ್ಲಿ ಹಳೆಯ ಸ್ಟ್ರಿಂಗ್ 8 ಬೈಟ್, ಹೊಸದು 32. ಹೊಸದು 15 ಬೈಟ್‌ವರೆಗಿನ ಪದವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಯುಟಿಎಫ್-8ರಲ್ಲಿ ‘ಕನ್ನಡ’ ಎಂಬ ಪದಕ್ಕೆ ಬೇಕಾಗುವುದು ಸರಿಯಾಗಿ 15 ಬೈಟ್. ‘ಕರ್ನಾಟಕ’ಕ್ಕೆ 21 ಬೇಕು, ಅದು ಹೊರಗೆ ಹೋಗಬೇಕು!

ಯಾವ ಸ್ಟ್ರಿಂಗ್ ಎಂದು ನಿರ್ಧರಿಸುವುದು ಒಂದು ಮ್ಯಾಕ್ರೋ, ಅಂದರೆ ಕಂಪೈಲ್ ಮಾಡುವಾಗ ಬೆಲೆ ಕೊಡುವ ಒಂದು ಹೆಸರು: ಆರಂಭದಲ್ಲೊಂದು ಅಂಡರ್‌ಸ್ಕೋರ್, ಮುಂದೆ ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್_ಯೂಸ್_ಸಿಎಕ್ಸ್‌ಎಕ್ಸ್11_ಎಬಿಐ’. ಬೆಲೆ 1 ಆದರೆ ಹೊಸದು, 0 ಆದರೆ ಹಳೆಯದು. ಸಿ++11 ಬೇಕೋ ಸಿ++17 ಬೇಕೋ ಎಂದು ಹೇಳುವ ಆಯ್ಕೆಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನಲ್ಲಿರುವ 11 ನೋಡಿ ಆ ಆಯ್ಕೆಯನ್ನು ಬದಲಿಸುತ್ತಾ ಕೂರುವವರು ಬಹಳ ಮಂದಿ.

ಊಹಿಸುವ ಬದಲು ಲೈಬ್ರರಿಯನ್ನೇ ಕೇಳಿ. ಲೈಬ್ರರಿಯಲ್ಲಿರುವ ಹೆಸರುಗಳನ್ನು ಪಟ್ಟಿ ಮಾಡುವ ‘ಎನ್‌ಎಂ’ ಆದೇಶವನ್ನು ದೊಡ್ಡ ‘ಡಿ’ ಮತ್ತು ದೊಡ್ಡ ‘ಸಿ’ ಆಯ್ಕೆಗಳೊಂದಿಗೆ (.a ಫೈಲಾದರೆ ದೊಡ್ಡ ‘ಸಿ’ ಮಾತ್ರ) ಕೊಟ್ಟು, ನಿಮ್ಮ ಫಂಕ್ಷನ್ ಹೆಸರನ್ನು ‘ಗ್ರೆಪ್’ ಮೂಲಕ ಹುಡುಕಿ. ಹೆಸರು ಸಿಕ್ಕಿ, ದೋಷದಲ್ಲಿದ್ದ ಸಿಎಕ್ಸ್‌ಎಕ್ಸ್11 ಅಲ್ಲಿ ಇಲ್ಲದಿದ್ದರೆ ರೋಗ ಸಿಕ್ಕಿತು.

ಸೋರ್ಸ್ ಕೈಯಲ್ಲಿದ್ದರೆ ಲೈಬ್ರರಿಯನ್ನು ನಿಮ್ಮದೇ ಕಂಪೈಲರ್‌ನಿಂದ ಮತ್ತೆ ಬಿಲ್ಡ್ ಮಾಡಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಲ್ಲದಿದ್ದರೆ ಮ್ಯಾಕ್ರೋವನ್ನು 0 ಮಾಡಿ. ಅದನ್ನು ಯಾವುದೋ ಒಂದು ಫೈಲಿನಲ್ಲಿ ಬರೆಯದೆ ಇಡೀ ಪ್ರಾಜೆಕ್ಟಿನ ಕಂಪೈಲ್ ಆಯ್ಕೆಗಳಲ್ಲಿ ಹಾಕಿ, ಹಳೆಯ ಬಿಲ್ಡ್ ಫೋಲ್ಡರನ್ನು ಅಳಿಸಿ ಮೊದಲಿನಿಂದ ಶುರು ಮಾಡಿ. ಆಗ ಉಬುಂಟು ಕೊಟ್ಟ ಬೂಸ್ಟ್‌ನಂಥ ಸಿ++ ಲೈಬ್ರರಿಗಳು ತಗಾದೆ ತೆಗೆಯಬಹುದು, ಏಕೆಂದರೆ ಅವು ಹೊಸ ಪಂಗಡದವು. ಎರಡೂ ಬೇಕೆಂದಾದರೆ, ಹಳೆಯ ಲೈಬ್ರರಿಗೆ ಹೊರಗಿನಿಂದ ಸಿ ಭಾಷೆಯ ಫಂಕ್ಷನ್‌ಗಳಂತೆ ಕರೆಯಬಹುದಾದ ಒಂದು ತೆಳುವಾದ ಹೊದಿಕೆ ಬರೆದು, ಆ ಹೊದಿಕೆಯನ್ನು ಮಾತ್ರ 0 ಇಟ್ಟು ಕಂಪೈಲ್ ಮಾಡಿ. ಗಡಿಯಲ್ಲಿ ಸ್ಟ್ರಿಂಗ್ ಬದಲು ಬರಿಯ ಅಕ್ಷರಗಳ ಪಾಯಿಂಟರ್ ದಾಟಲಿ.

ರೆಡ್ ಹ್ಯಾಟ್ 7ರ ಡೆವ್‌ಟೂಲ್‌ಸೆಟ್ ಕಂಪೈಲರ್ ಬಳಸುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಮ್ಯಾಕ್ರೋಗೆ 1 ಕೊಟ್ಟರೂ ಸಿಗುವುದು ಹಳೆಯದೇ.

ಒಂದು ಲೆಕ್ಕದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ, ಏಕೆಂದರೆ ಲಿಂಕರ್ ತಡೆದು ನಿಲ್ಲಿಸಿತು. ನಿಮ್ಮದೇ ಒಂದು ಸ್ಟ್ರಕ್ಟ್ ಒಳಗೆ ಸ್ಟ್ರಿಂಗ್ ಇದ್ದು, ಫಂಕ್ಷನ್‌ಗೆ ಆ ಸ್ಟ್ರಕ್ಟ್‌ನ ರೆಫರೆನ್ಸ್ ಮಾತ್ರ ಹೋಗುತ್ತಿದ್ದರೆ ಹೆಸರಿನಲ್ಲಿ ಸಿಎಕ್ಸ್‌ಎಕ್ಸ್11 ಬರುವುದೇ ಇಲ್ಲ. ಲಿಂಕ್ ಸಲೀಸಾಗಿ ಮುಗಿಯುತ್ತದೆ. ಆಮೇಲೆ ಒಬ್ಬರು 32 ಬೈಟ್ ಎಂದು ಬರೆದದ್ದನ್ನು ಇನ್ನೊಬ್ಬರು 8 ಬೈಟ್ ಎಂದು ಓದಿ, ಪ್ರೋಗ್ರಾಂ ಎಲ್ಲೋ ಸಂಬಂಧವಿಲ್ಲದ ಸಾಲಿನಲ್ಲಿ ಸಾಯುತ್ತದೆ. ಅಂಥ ಕಡೆ ಗುರುತು ತಪ್ಪಿದ್ದರೆ ಹೇಳಲು ಜಿಸಿಸಿಯಲ್ಲಿ ‘ಡಬ್ಲ್ಯುಎಬಿಐ-ಟ್ಯಾಗ್’ ಎಂಬ ಎಚ್ಚರಿಕೆಯ ಆಯ್ಕೆ ಇದೆ, ಹಾಕಿ ನೋಡಿ.

ಬಿಲ್ಡ್ ಮುಗಿದು, ಬೇರೆ ಯಂತ್ರದಲ್ಲಿ ಓಡಿಸುವಾಗ ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್ 3.4.29 ಸಿಗಲಿಲ್ಲ’ ಎಂಬ ಸಂದೇಶ ಬಂದರೆ ಅದು ಬೇರೆಯೇ ತೊಂದರೆ: ಆ ಯಂತ್ರದಲ್ಲಿರುವ libstdc++ ಹಳೆಯ ಆವೃತ್ತಿಯದು. 3.4.29 ಬಂದದ್ದು ಜಿಸಿಸಿ 11ರೊಂದಿಗೆ, ಉಬುಂಟು 20.04ರಲ್ಲಿರುವುದು 3.4.28ರವರೆಗೆ ಮಾತ್ರ. ಓಡಿಸಬೇಕಾದ ಅತಿ ಹಳೆಯ ಯಂತ್ರದಲ್ಲೇ, ಅಥವಾ ಅದೇ ಆವೃತ್ತಿಯ ಡಾಕರ್ ಕಂಟೇನರ್‌ನಲ್ಲಿ ಬಿಲ್ಡ್ ಮಾಡಿ. ಹೊಸ ಯಂತ್ರದ libstdc++ ಫೈಲನ್ನು ತಂದು ಹಳೆಯ ಯಂತ್ರದ ಸಿಸ್ಟಂ ಫೋಲ್ಡರಿಗೆ ಹಾಕುವ ಸಲಹೆ ಯಾರಾದರೂ ಕೊಟ್ಟರೆ, ಆ ಯಂತ್ರದ ಸಿ++ ಪ್ರೋಗ್ರಾಂಗಳೆಲ್ಲ ಆ ಒಂದೇ ಫೈಲನ್ನು ನಂಬಿಕೊಂಡಿವೆ ಎಂದು ಅವರಿಗೆ ನೆನಪಿಸಿ.